ಮಧ್ಯಾಹ್ನ ಹನ್ನೆರಡರ ನಂತರದ ಲಕೋಟೆಗಳು

ಉಪಚುನಾವಣೆ ಬಂದದ್ದಕ್ಕೆ ರಾಜಕೀಯ ಕಾರಣವೇನೂ ಇರಲಿಲ್ಲ. ಲೋಕಲ್ ಬೋರ್ಡಿನ ಸದಸ್ಯರೊಬ್ಬರ ಹೆಂಡತಿಗೆ ಆಕ್ಲೆಂಡಿನಿಂದ ದೂರದ, ದೇಶದ ದಕ್ಷಿಣ ದ್ವೀಪದಲ್ಲಿ ಕೆಲಸ ಸಿಕ್ಕಿತು. ಅವರು ರಾಜೀನಾಮೆ ಕೊಟ್ಟು ಹೋದರು. ನಾನು ಕೆಲಸ ಮಾಡುವ ವಾರಪತ್ರಿಕೆಗೆ ಅದನ್ನು ನಾಲ್ಕು ವಾಕ್ಯಗಳಲ್ಲಿ ಬರೆದುಕೊಟ್ಟೆ. ಸಂಪಾದಕಿ ಮೂರಕ್ಕೆ ಇಳಿಸಿದರು.

ಆಕ್ಲೆಂಡ್ ಕೌನ್ಸಿಲ್ಲಿನ ಕೆಳಗೆ ಇಷ್ಟಿಷ್ಟು ಬಡಾವಣೆಗಳಿಗೆ ಒಂದೊಂದು ಲೋಕಲ್ ಬೋರ್ಡ್ ಇರುತ್ತದೆ. ನಮ್ಮೂರಿನ ಪುರಸಭೆಗೆ ಹೋಲಿಸಬಹುದು, ಅಧಿಕಾರ ಮಾತ್ರ ಅದಕ್ಕಿಂತ ಕಡಿಮೆ. ಪಾರ್ಕಿನ ಬೆಂಚು, ಗ್ರಂಥಾಲಯದ ವೇಳೆ, ಯಾವ ರಸ್ತೆಗೆ ಮೊದಲು ಜೀಬ್ರಾ ಪಟ್ಟೆ ಬಳಿಯಬೇಕು, ಇಂಥವನ್ನು ಅದು ತೀರ್ಮಾನಿಸುತ್ತದೆ. ನಾನು ವಾಸವಿರುವುದು ಹಿಲ್ಸ್‌ಬರೋದಲ್ಲಿ. ವರದಿ ಮಾಡುವುದು ಊರಿನ ಪೂರ್ವದ ಅಂಚಿನ ಹೊಸ ಬಡಾವಣೆಗಳನ್ನು. ಆರು ವರ್ಷಗಳಿಂದ ಆ ಬೋರ್ಡಿನ ಪ್ರತಿ ಸಭೆಯಲ್ಲೂ ಕೂತಿದ್ದೇನೆ. ಪತ್ರಕರ್ತರಿಗೆಂದು ಇಟ್ಟ ಮೇಜಿನಲ್ಲಿ ನನ್ನ ಜೊತೆ ಇನ್ನೊಬ್ಬರು ಕೂತದ್ದು ಎರಡು ಸಲ. ಅವರಲ್ಲಿ ಒಬ್ಬರು ದಾರಿ ತಪ್ಪಿ ಬಂದವರು.

ಇದಕ್ಕೂ ಮೊದಲು ಮೈಸೂರಿನಲ್ಲಿ ಹದಿನಾಲ್ಕು ವರ್ಷ ದಿನಪತ್ರಿಕೆಯೊಂದರಲ್ಲಿದ್ದೆ. ನಾನು ಸೇರಿದ ಮೊದಲ ವಾರವೇ ಅಲ್ಲಿನ ಮುಖ್ಯ ವರದಿಗಾರರು ಹೇಳಿದ್ದರು: ನೀನು ಹೋಗಿರುವುದು ನೋಡುವುದಕ್ಕೆ, ಸುದ್ದಿಯೊಳಗೆ ಕಾಲಿಡಬೇಡ. ಆ ಮಾತನ್ನು ನಾನು ಪಾಲಿಸಿಕೊಂಡು ಬಂದಿದ್ದೇನೆ. ಈ ಉಪಚುನಾವಣೆಯಲ್ಲೂ ಪಾಲಿಸಿದೆ.

ಕಣದಲ್ಲಿ ಐವರಿದ್ದರು. ಲೆಕ್ಕಕ್ಕೆ ಬರುತ್ತಿದ್ದವರು ಇಬ್ಬರು. ಒಬ್ಬರು ಮನೆ ಮಾರಾಟದ ವ್ಯವಹಾರದಿಂದ ನಿವೃತ್ತರಾದ ‘ಕಿವಿ’, ಎಂದರೆ ಈ ದೇಶದಲ್ಲೇ ಹುಟ್ಟಿ ಬೆಳೆದವರು. ತಮ್ಮ ಯೂಟಿನ, ಎಂದರೆ ಪಿಕಪ್ ಗಾಡಿಯ, ಹಿಂದಿನ ಟ್ರೇನಲ್ಲಿ ತಮ್ಮದೇ ಮುಖದ ಬೋರ್ಡು ನಿಲ್ಲಿಸಿಕೊಂಡು ಬೀದಿ ಬೀದಿ ಸುತ್ತುತ್ತಿದ್ದರು. ಮನೆ ಮನೆಗೂ ಹೋಗುತ್ತಿದ್ದರು, ಕರೆದಲ್ಲಿ ಕೂರುತ್ತಿದ್ದರು. ಇನ್ನೊಬ್ಬರು ದಾವಣಗೆರೆಯ ಮುಸ್ಲಿಂ ಮನೆತನದ ಮಹಿಳೆ. ಓದಲು ಬಂದವರು ಇಲ್ಲಿಯೇ ನಿಂತು, ಮಳೆನೀರಿನ ಚರಂಡಿಗಳನ್ನು ವಿನ್ಯಾಸ ಮಾಡುವ ಎಂಜಿನಿಯರ್ ಆಗಿದ್ದರು. ಗಂಡನದು ಟಯರ್ ಅಂಗಡಿ. ಸವಣೂರಿನಿಂದ ಬಂದ ಅತ್ತೆ ಜೊತೆಯಲ್ಲಿದ್ದರು.

ಆಕೆ ನಿಂತದ್ದು ಒಂದು ರಸ್ತೆಯ ಕಾರಣಕ್ಕೆ. ಅವರ ಬಡಾವಣೆಗೂ ಎದುರಿನ ಬಸ್ ನಿಲ್ದಾಣಕ್ಕೂ ಡೈರಿಗೂ ನಡುವೆ ನಾಲ್ಕು ಸಾಲಿನ ರಸ್ತೆ ಇದೆ. ಇಲ್ಲಿ ಡೈರಿ ಎಂದರೆ ಹಾಲು, ಬ್ರೆಡ್ಡು ಸಿಗುವ ಮೂಲೆ ಅಂಗಡಿ. ದಾಟಲು ಪಟ್ಟೆಯಿಲ್ಲ, ದೀಪವಿಲ್ಲ. ಕಾರು ಓಡಿಸದವರು ಆ ಬಡಾವಣೆಯಲ್ಲಿ ಇರುವುದಿಲ್ಲ ಎಂದು ನಕ್ಷೆ ಬರೆದವರು ಅಂದುಕೊಂಡಿರಬೇಕು. ಒಮ್ಮೆ ಆಕೆಯ ಅತ್ತೆ ಅರ್ಧ ದಾಟಿ, ನಡುವಿನ ಹುಲ್ಲಿನ ಪಟ್ಟಿಯ ಮೇಲೆ ಹಾಲಿನ ಕ್ಯಾನು ಹಿಡಿದುಕೊಂಡು ಸಿಕ್ಕಿಬಿದ್ದಿದ್ದರು. ಶಾಲೆಯ ಬಸ್ಸಿನ ಚಾಲಕನೊಬ್ಬ ಬಸ್ಸನ್ನು ಅಡ್ಡ ನಿಲ್ಲಿಸಿ ದಾಟಿಸಿದ. ದಾಟುವ ಪಟ್ಟೆಯ ವಿಷಯ ಬೋರ್ಡಿನ ಮುಂದೆ ಬಂದಾಗ ನಾಲ್ವರು ಪರ, ನಾಲ್ವರು ವಿರೋಧ. ಅಧ್ಯಕ್ಷರ ನಿರ್ಣಾಯಕ ಮತದಿಂದ ಬಿದ್ದುಹೋಯಿತು. ಒಂಬತ್ತನೆಯ ಸೀಟು ಆಗ ಖಾಲಿಯಿತ್ತು. ಆ ಸೀಟಿಗೆ ಯಾರು ಬರುತ್ತಾರೋ ರಸ್ತೆಯ ತೀರ್ಮಾನ ಅವರದ್ದು. ಇದು ಆಕೆಗೂ ಗೊತ್ತಿತ್ತು, ಯೂಟಿನವರಿಗೂ ಗೊತ್ತಿತ್ತು.

ಆಕೆ ಒಮ್ಮೆ ಗ್ರಂಥಾಲಯದಲ್ಲಿ ನನ್ನನ್ನು ಹಿಡಿದರು. ಮತದಾರರಿಗೆ ಹೋಗುವ ಪುಸ್ತಿಕೆಯಲ್ಲಿ ಪ್ರತಿ ಅಭ್ಯರ್ಥಿಯೂ ತನ್ನ ಬಗ್ಗೆ ನೂರೈವತ್ತು ಪದ ಬರೆಯಬಹುದು. ಆಕೆಯದು ನೂರ ಎಂಬತ್ತಕ್ಕೆ ನಿಂತಿತ್ತು.

"ಸರ್, ನೀವು ಪೇಪರ್‌ನೋರು. ಮೂವತ್ತು ಪದ ಕತ್ತರಿಸಿ ಕೊಡ್ರಿ."

"ನಾನು ಈ ಚುನಾವಣೆ ಕವರ್ ಮಾಡ್ತಿದೀನಮ್ಮ. ಕೈ ಹಚ್ಚೋ ಹಾಗಿಲ್ಲ."

"ಎರಡು ಪದ ಕತ್ತರಿಸಿದ್ರೆ ಡೆಮಾಕ್ರಸಿ ಬಿದ್ದುಹೋಗುತ್ತಾ?"

"ಎರಡಲ್ಲ, ಮೂವತ್ತು."

ಆಕೆ ನಕ್ಕು ಹೋದರು. ಕೊನೆಗೆ ಅಚ್ಚಾದದ್ದು ಸರಿಯಾಗಿ ನೂರ ನಲವತ್ತೊಂಬತ್ತು.

ಇಲ್ಲಿ ಕೌನ್ಸಿಲ್ ಚುನಾವಣೆಗೆ ಮತಗಟ್ಟೆಯಿಲ್ಲ. ಮತಪತ್ರ ಅಂಚೆಯಲ್ಲಿ ಮನೆಗೆ ಬರುತ್ತದೆ. ಗುರುತು ಹಾಕಿ, ಜೊತೆಗೆ ಬಂದ ಲಕೋಟೆಯಲ್ಲಿಟ್ಟು ಅಂಟಿಸಿ, ಮತ್ತೆ ಅಂಚೆಗೆ ಹಾಕಬೇಕು. ಇಲ್ಲವೇ ಗ್ರಂಥಾಲಯ, ಸೂಪರ್ ಮಾರ್ಕೆಟ್ಟುಗಳಲ್ಲಿ ಇಟ್ಟಿರುವ ಕಿತ್ತಳೆ ಬಣ್ಣದ ಪೆಟ್ಟಿಗೆಗೆ ಹಾಕಬೇಕು. ಮೂರು ವಾರ ಸಮಯವಿರುತ್ತದೆ. ಸಮಯ ಹೆಚ್ಚಾದಷ್ಟೂ ಮರೆಯುವುದು ಸುಲಭ. ಹೆಚ್ಚಿನ ಮನೆಗಳಲ್ಲಿ ಲಕೋಟೆ ಫ್ರಿಜ್ಜಿನ ಮೇಲೆ ಪಿಜ್ಜಾ ಕೂಪನ್ನುಗಳ ಕೆಳಗೆ ಸೇರಿ ಅಲ್ಲಿಯೇ ಅವಧಿ ಮುಗಿಸುತ್ತದೆ. ಪ್ರತಿ ಸಲವೂ ಮತದಾನ ಕಡಿಮೆಯಾಯಿತೆಂದು ನಾನು ಬರೆಯುತ್ತೇನೆ. ಹಿಂದಿನ ಸಲದ ವರದಿಯನ್ನೇ ತೆಗೆದು ಅಂಕಿ ಬದಲಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಈ ಪದ್ಧತಿಯನ್ನು ಒಪ್ಪದ ಒಬ್ಬರು ನಮ್ಮ ಕನ್ನಡದವರಲ್ಲಿದ್ದರು. ರಾಣೆಬೆನ್ನೂರಿನ ನಿವೃತ್ತ ಗಣಿತ ಮಾಸ್ತರರು. ಮಗಳ ಮನೆಗೆ ಬಂದು ಹತ್ತು ವರ್ಷ. ಕಾಯಂ ನಿವಾಸಿಯಾದ್ದರಿಂದ ಮತದ ಹಕ್ಕೂ ಇತ್ತು. ಊರಿನಲ್ಲಿದ್ದಾಗ ಹನ್ನೊಂದು ಚುನಾವಣೆಗಳಲ್ಲಿ ಮತಗಟ್ಟೆಯ ಅಧಿಕಾರಿಯಾಗಿದ್ದರು. ಮತಪೆಟ್ಟಿಗೆಗೆ ದಾರ ಸುತ್ತಿ ಅರಗು ಕಾಯಿಸಿ ಸೀಲು ಒತ್ತುತ್ತಿದ್ದ ಕಾಲದಿಂದ ಮತಯಂತ್ರದವರೆಗೆ. ಒಂದೇ ಒಂದು ಮತವೂ ಲೆಕ್ಕ ತಪ್ಪಿಲ್ಲ ಎಂಬುದು ಅವರು ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದ ಒಂದೇ ದೊಡ್ಡ ಮಾತು. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವರನ್ನು ಮಾಸ್ತರ್ ಅಂಕಲ್ ಎಂದೇ ಕರೆಯುತ್ತಿದ್ದರು.

ಮತಪತ್ರ ಬಂದ ವಾರ ಅವರು ಸೂಪರ್ ಮಾರ್ಕೆಟ್ಟಿಗೆ ಹೋಗಿ ಒಂದು ಗಂಟೆ ನಿಂತು ಆ ಪೆಟ್ಟಿಗೆಯನ್ನು ನೋಡಿ ಬಂದರು. ಆಮೇಲೆ ನನಗೆ ಫೋನು.

"ಪತ್ರಕರ್ತರ, ನೀವು ನೋಡೀರೇನು ಆ ಪೆಟಗಿ? ಪೊಲೀಸ್ ಇಲ್ಲ, ಏಜೆಂಟ್ ಇಲ್ಲ. ಬಾಳೆಹಣ್ಣಿನ ಬಾಜೂಕ ಇಟ್ಟಾರ್ರೀ! ಒಂದು ಹುಡುಗಿ ಐಸ್‌ಕ್ರೀಮ್ ಕಾಗದ ತುರುಕಾಕ ಹತ್ತಿತ್ತು. ಅವರವ್ವ ಕೈ ಹಿಡದು ಎಳಕೊಂಡು ಹೋದ್ಲು."

"ಇಲ್ಲಿ ಹಾಗೇ ಮೇಷ್ಟ್ರೇ. ನಂಬಿಕೆ ಮೇಲೆ ನಡೆಯುತ್ತೆ."

"ನಂಬಿಕಿ ಬ್ಯಾರೆ, ವ್ಯವಸ್ಥಾ ಬ್ಯಾರೆ" ಎಂದು ಫೋನ್ ಇಟ್ಟರು.

ಅವರು ತಾವೇ ವ್ಯವಸ್ಥೆ ಮಾಡಿದರು. ಪರಿಚಯದ ಕನ್ನಡದ ಮನೆಗಳಿಗೆ ಹೋಗಿ, ಫ್ರಿಜ್ಜಿನ ಮೇಲಿನ ಲಕೋಟೆ ಇಳಿಸಿ ಗುರುತು ಹಾಕಲು ಹೇಳಿದರು. ಗುರುತು ಹಾಕುವಾಗ ತಾವು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರಂತೆ. ಯಾರಿಗೆ ಎಂದು ಕೇಳಲಿಲ್ಲ. ಆದರೆ ಅವರ ಒಲವು ಯಾರ ಕಡೆಗೆಂದು ಎಲ್ಲರಿಗೂ ಗೊತ್ತಿತ್ತು. ಆ ಮನೆಗಳ ಒಲವೂ ಹೆಚ್ಚುಕಡಿಮೆ ಅದೇ. ಲಕೋಟೆಯನ್ನು ಅವರವರ ಕೈಯಲ್ಲೇ ಅಂಟಿಸಿ ತಾವು ಇಸಿದುಕೊಳ್ಳುತ್ತಿದ್ದರು. ಜನ ಖುಷಿಯಿಂದಲೇ ಕೊಟ್ಟರು. ಒಂದು ಕೆಲಸ ತಪ್ಪಿತಲ್ಲ.

ನನಗೆ ಇದು ತಿಳಿದದ್ದು ಕೊನೆಯ ದಿನಕ್ಕೆ ಒಂದು ವಾರವಿದ್ದಾಗ. ಮಗಳ ಮನೆಯ ಹಾಲಿನಲ್ಲಿ ಕೂರಿಸಿ ಬೀರುವಿನಿಂದ ಒಂದು ಬಟ್ಟೆಯ ಚೀಲ ತಂದು ತೋರಿಸಿದರು. ಒಳಗೆ ಲಕೋಟೆಗಳು, ಮನೆಗೊಂದರಂತೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು.

"ಇನ್ನೊಬ್ಬರ ಲಕೋಟೆ ಸಂಗ್ರಹಿಸಬೇಡಿ ಅಂತ ಕೌನ್ಸಿಲ್ ಹೇಳುತ್ತೆ ಮೇಷ್ಟ್ರೇ."

"ಅದು ಕದಿಯೋರಿಗೆ ಹೇಳಿದ್ದು."

"ಈಗಲೇ ಹಾಕಿಬಿಡಬಹುದಲ್ಲ? ಯಾಕೆ ಕಾಯ್ತಿದೀರಿ?"

"ಕಡೀ ದಿನ ಗ್ರಂಥಾಲಯದಾಗ ಚುನಾವಣಾ ಅಧಿಕಾರಿ ಕೂತಿರ್ತಾರಂತ. ಅವರ ಕೈಯಾಗ ಒಪ್ಪಿಸಿ ರಸೀದಿ ತಗೋತೇನಿ. ದೇವರಾಣೆ, ಬಾಳೆಹಣ್ಣಿನ ಬಾಜೂಕ ಬಿಟ್ಟು ಬರೂದಿಲ್ಲ."

ಪುಸ್ತಕದಲ್ಲಿ ಬರೆದುಕೊಂಡು ಎದ್ದೆ. ದಾವಣಗೆರೆಯ ಅಭ್ಯರ್ಥಿಗೆ ಒಂದು ಮಾತು ತಿಳಿಸಬಹುದಿತ್ತು. ತಿಳಿಸಿದರೆ ಒಂದು ಪಕ್ಷಕ್ಕೆ ನೆರವಾದಂತೆ ಎಂದುಕೊಂಡೆ. ಆ ವಾರ ನನಗೆ ಬೇರೆ ಎರಡು ಸಭೆಗಳಿದ್ದವು, ಒಂದು ಒಳಚರಂಡಿಯದು, ಒಂದು ನಾಯಿಗಳನ್ನು ಬಿಡುವ ಮೈದಾನದ್ದು. ಎರಡೂ ಸಭೆಗಳಲ್ಲಿ ಜನರಿಗಿಂತ ಕುರ್ಚಿಗಳೇ ಹೆಚ್ಚು.

ಮತದಾನ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುವುದಿತ್ತು. ಹನ್ನೊಂದಕ್ಕೆ ನಾನು ಗ್ರಂಥಾಲಯದಲ್ಲಿದ್ದೆ. ಬಾಗಿಲ ಬಳಿ ಕಿತ್ತಳೆ ಪೆಟ್ಟಿಗೆ, ಅದರ ಪಕ್ಕ ಒಂದು ಮೇಜು. ಮೇಜಿನ ಹಿಂದೆ ಕೊರಳಲ್ಲಿ ಗುರುತುಪಟ್ಟಿ ಹಾಕಿಕೊಂಡ ನೆರೆಗೂದಲಿನ ಮಹಿಳೆ, ಹೊಲಿಗೆಯ ಪುಸ್ತಕ ಓದುತ್ತ ಕೂತಿದ್ದರು. ಅಭ್ಯರ್ಥಿಗಳು ಯಾರೂ ಇರಲಿಲ್ಲ. ಪೆಟ್ಟಿಗೆಯ ಹತ್ತಿರ ಸುಳಿಯದಿರುವುದು ಇಲ್ಲಿನ ರೂಢಿ.

ಮಾಸ್ತರರು ಬಂದದ್ದು ಹನ್ನೊಂದು ಮೂವತ್ತೈದಕ್ಕೆ. ಮಗಳು ಕಾರಿನಿಂದ ಇಳಿಸಿ ಮಗನ ಈಜಿನ ತರಗತಿಗೆ ಹೋದಳು. ಮಾಸ್ತರರು ಕೋಟು ಹಾಕಿದ್ದರು. ಚೀಲದ ಬಾಯಿಗೆ ದಾರ ಸುತ್ತಿ, ಗಂಟಿನ ಮೇಲೆ ಕೆಂಪು ಅರಗಿನ ಸೀಲು ಒತ್ತಿದ್ದರು. ಅರಗು ಎಲ್ಲಿ ಸಿಕ್ಕಿತೆಂದು ಕೇಳಿದೆ. ಊರಿನಿಂದ ತಂದದ್ದಂತೆ.

ಮೇಜಿನ ಮುಂದೆ ನೆಟ್ಟಗೆ ನಿಂತು, ಚೆನ್ನಾಗಿ ರೂಢಿ ಮಾಡಿಕೊಂಡು ಬಂದ ಇಂಗ್ಲಿಷಿನಲ್ಲಿ, ಮೂವತ್ತೊಂದು ಮತಗಳನ್ನು ಒಪ್ಪಿಸುತ್ತಿರುವುದಾಗಿಯೂ ಸ್ವೀಕೃತಿ ಪತ್ರ ಬೇಕೆಂದೂ ಹೇಳಿದರು. ಆಕೆ ನಗುತ್ತ, ಅದರೊಳಗೆ ಹಾಕಿಬಿಡಿ ಎಂದು ಪೆಟ್ಟಿಗೆ ತೋರಿಸಿದರು. ಆಮೇಲೆ ಮೂವತ್ತೊಂದು ಎಂಬುದು ಕಿವಿಗೆ ಬಿದ್ದಿರಬೇಕು, ಯಾರ ಮತಗಳು ಎಂದು ಕೇಳಿದರು. ಇವರು ಪಟ್ಟಿ ತೆಗೆದರು. ಆಕೆಯ ನಗು ಹೋಯಿತು. ಇದನ್ನು ಮೇಲಿನವರಿಗೆ ತಿಳಿಸಬೇಕಾಗುತ್ತದೆ, ಅಷ್ಟರಲ್ಲಿ ನೀವು ಪೆಟ್ಟಿಗೆಗೆ ಹಾಕಿ ಎಂದರು. ರಸೀದಿ ಕೊಡುವ ಪದ್ಧತಿ ಇಲ್ಲ ಎಂದೂ ಹೇಳಿದರು.

"ರಸೀದಿ ಇಲ್ಲದ ಹೆಂಗ ಕೊಡ್ಲಿ?" ಎಂದು ಮಾಸ್ತರರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ಮತ್ತೆ ಇಂಗ್ಲಿಷಿಗೆ ಹೋಗಿ, ಮೇಲಧಿಕಾರಿಯನ್ನು ಕೇಳಿ ನೋಡಿ, ನಾನು ಕಾಯುತ್ತೇನೆ ಎಂದರು.

ಆಕೆ ಫೋನ್ ಮಾಡಿದರು. ಲೈನು ಬಿಡುವಿರಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದರು. ಮಾಸ್ತರರು ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತೇ ಇದ್ದರು. ಅವರ ಪಕ್ಕದಿಂದ ಕೈ ಚಾಚಿ ನಾಲ್ಕೈದು ಜನ ತಮ್ಮ ಲಕೋಟೆ ಹಾಕಿ ಹೋದರು. ನಾಯಿ ಹಿಡಿದುಕೊಂಡು ಬಂದ ಒಬ್ಬರು ಒಳಗೇ ಬರದೆ, ನನ್ನ ಕೈಗೆ ಕೊಟ್ಟು ಹಾಕಲು ಹೇಳಿದರು. ನಾನು ಹಾಕಿದೆ.

ಹನ್ನೊಂದು ಐವತ್ತಮೂರಕ್ಕೆ ಮಾಸ್ತರರ ಹತ್ತಿರ ಹೋದೆ.

"ಮೇಷ್ಟ್ರೇ, ಹಾಕಿಬಿಡಿ. ಹೊತ್ತಾಗ್ತಿದೆ."

"ನೀವು ಪ್ರೆಸ್ಸಿನವ್ರು. ಮಧ್ಯ ಬರಬ್ಯಾಡ್ರಿ."

"ಹನ್ನೆರಡಕ್ಕೆ ಮುಚ್ತಾರೆ."

"ಗೊತ್ತೈತ್ರೀ. ಹನ್ನೆರಡರೊಳಗ ಆವರಣದಾಗ ಬಂದು ನಿಂತೇನಲ್ಲ? ನಿಂತೋರಿಗೆಲ್ಲ ಚೀಟಿ ಕೊಟ್ಟು ಕಡೀಕ ಹಾಕಸ್ತಾರ. ಹನ್ನೊಂದು ಸಲ ನಾನ ಕೊಟ್ಟೇನಿ ಚೀಟಿ. ನನಗ ಕಲಸ್ತೀರೇನು?"

ಊರಿನಲ್ಲಿ ಅದು ನಿಜ. ಮುಗಿಯುವ ವೇಳೆಗೆ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಹಂಚಿ, ಎಷ್ಟು ಹೊತ್ತಾದರೂ ಮತ ಹಾಕಿಸಿಯೇ ಬಾಗಿಲು ಮುಚ್ಚುವುದು. ಇಲ್ಲಿ ಹಾಗಿಲ್ಲ, ಲಕೋಟೆ ಪೆಟ್ಟಿಗೆಯೊಳಗಿರಬೇಕು. ಇದನ್ನು ಅವರಿಗೆ ಇನ್ನೊಮ್ಮೆ, ಗಟ್ಟಿಯಾಗಿ, ಬೇಕಾದರೆ ಚೀಲ ಕಿತ್ತುಕೊಂಡು ಹೇಳಬಹುದಿತ್ತು. ನಾನು ಹಿಂದೆ ಸರಿದು ಗೋಡೆಗೆ ಒರಗಿ ನಿಂತೆ. ನನ್ನ ಪುಸ್ತಕದಲ್ಲಿ 11.53 ಎಂದಿದೆ, ಅದರ ಕೆಳಗೆ 11.58 ಎಂದಿದೆ. ನಡುವೆ ಏನೂ ಇಲ್ಲ.

ಹನ್ನೆರಡಕ್ಕೆ ಒಳಗಿನಿಂದ ಇನ್ನೊಬ್ಬ ಸಿಬ್ಬಂದಿ ಬಂದು ಪೆಟ್ಟಿಗೆಯ ಸೀಳಿನ ಮೇಲೆ ಅಗಲವಾದ ಟೇಪು ಅಂಟಿಸಿದ. ಹೊಸ ಸೀಲನ್ನು ಇಬ್ಬರೂ ನೋಡಿ ಸಹಿ ಹಾಕಿದರು. ಅಚ್ಚುಕಟ್ಟಾಗಿ ಮಾಡಿದರು. ಮಾಸ್ತರರು ಚೀಲವನ್ನು ಮುಂದೆ ಚಾಚಿದರು. ಮೇಜಿನ ಹಿಂದಿನ ಮಹಿಳೆ ಎದ್ದು ನಿಂತು, ಹನ್ನೆರಡಾಯಿತು, ನನಗೆ ತುಂಬ ಬೇಸರವಾಗುತ್ತಿದೆ ಎಂದರು. ನಿಜವಾಗಿಯೂ ಬೇಸರವಾಗಿತ್ತು, ಅವರ ಕಣ್ಣು ತುಂಬಿತ್ತು. ಮಾಸ್ತರರಿಗೆ ಅರ್ಥವಾಗಲು ಇನ್ನೂ ಒಂದು ನಿಮಿಷ ಬೇಕಾಯಿತು. ಚೀಟಿ ಕೊಡುವವರು ಬರುತ್ತಾರೆಂದು ಅವರು ಬಾಗಿಲನ್ನೇ ನೋಡುತ್ತಿದ್ದರು.

ಮೂರು ಗಂಟೆಗೆ ಫಲಿತಾಂಶ ಇಮೇಲಿನಲ್ಲಿ ಬಂತು. ಯೂಟಿನವರು ಹದಿನೇಳು ಮತಗಳಿಂದ ಗೆದ್ದಿದ್ದರು.

ನಾನು ಅರ್ಧ ಗಂಟೆಯಲ್ಲಿ ಪತ್ರಿಕೆಯ ವೆಬ್‌ಸೈಟಿಗೆ ವರದಿ ಕಳಿಸಿದೆ. ಕೊನೆಯಲ್ಲಿ, ಮಧ್ಯಾಹ್ನ ಹನ್ನೆರಡರ ನಂತರ ತಲುಪಿದ ಕೆಲವು ಲಕೋಟೆಗಳನ್ನು ಸ್ವೀಕರಿಸಲಿಲ್ಲ ಎಂದು ಸೇರಿಸಿದೆ. ಮನೆಗೆ ಬಂದು ಊಟಕ್ಕೆ ಕೂತಾಗ ಅದು ಸುಳ್ಳೆಂದು ಹೊಳೆಯಿತು. ಅವು ತಲುಪಿದ್ದು ಇಪ್ಪತ್ತೈದು ನಿಮಿಷ ಮೊದಲು. ಕೌನ್ಸಿಲ್ ವರದಿ ಮಾಡುವ ಇಷ್ಟು ವರ್ಷಗಳಲ್ಲಿ ತಪ್ಪು ಅಂಕಿ ಹೋಗಿರಬಹುದು, ತಪ್ಪು ಹುದ್ದೆ ಹೋಗಿರಬಹುದು. ಎದುರಿಗೆ ನಿಂತು ನೋಡಿದ್ದನ್ನು ತಪ್ಪಾಗಿ ಬರೆದದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಮಾಸ್ತರರ ಫೋನು. ಧ್ವನಿ ಎಂದಿನಂತೆಯೇ ಇತ್ತು.

"ನಿಮ್ಮ ಗಾಡಿ ಖಾಲಿ ಐತೇನ್ರಿ? ಮಗಳು ಸಿಟ್ಟಾಗ್ಯಾಳ, ಬರೂದಿಲ್ಲಂತ. ಇವನ್ನ ಅವರವರ ಮನಿಗೆ ಮುಟ್ಟಸಬೇಕು."

"ಈಗ ಅದಕ್ಕೆ ಬೆಲೆಯಿಲ್ಲ ಮೇಷ್ಟ್ರೇ."

"ಬೆಲಿ ಇಲ್ಲಂತ ನನ್ನ ಹತ್ರ ಇಟಗೊಳ್ಳಾಕ ಬರೂದಿಲ್ಲ. ಅವರ ಮತ ಅದು."

ಹೋದೆ. ಹದಿಮೂರು ಮನೆಗಳು. ಮೊದಲನೆಯ ಮನೆಯಲ್ಲಿ ಚಡ್ಡಿಯಲ್ಲಿ ಕಾರು ತೊಳೆಯುತ್ತಿದ್ದ ಯುವಕ ಕೈ ಒದ್ದೆಯೆಂದು ಲಕೋಟೆ ತೆಗೆದುಕೊಳ್ಳಲಿಲ್ಲ. "ಅಯ್ಯೋ ಬಿಡಿ ಅಂಕಲ್, ಅಲ್ಲೇ ಬಿನ್‌ಗೆ ಹಾಕಿ."

"ನೀನ ಹಾಕಪಾ. ನಾನು ಹಾಕಾಕ ಬರೂದಿಲ್ಲ."

ಅವನು ಚಡ್ಡಿಗೆ ಕೈ ಒರೆಸಿಕೊಂಡು ತೆಗೆದುಕೊಂಡ. ಬಿನ್ನಿಗೆ ಹಾಕಲಿಲ್ಲ, ಒಳಗೆ ಒಯ್ದ. ಎರಡನೆಯ ಮನೆಯ ಬಾಗಿಲು ತೆರೆದ ಹುಡುಗಿ, ಅಪ್ಪ ಕ್ರಿಕೆಟ್ಟಿಗೆ ಹೋಗಿದ್ದಾರೆ, ಅಮ್ಮ ಮಲಗಿದ್ದಾಳೆ, ಆ ಎಲೆಕ್ಷನ್ ಮುಗಿಯಿತಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮಾಸ್ತರರು ಕನ್ನಡದಲ್ಲಿ, ಹೌದವ್ವ, ಮುಗೀತು ಎಂದರು. ಒಂದಷ್ಟು ಮನೆಗಳಲ್ಲಿ ಚಹಾ ಕುಡಿಯಬೇಕಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ನಾಲ್ಕನೆಯ ಮನೆಯ ಹೊತ್ತಿಗೆ ಅವರು ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದುಕೊಳ್ಳಲು ಶುರು ಮಾಡಿದ್ದರು.

ಮಂಗಳೂರು ಕಡೆಯ ನರ್ಸ್ ಒಬ್ಬರು ಮಾತ್ರ ಲೆಕ್ಕ ಕೇಳಿದರು. ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲೇ ಶೂ ಬಿಚ್ಚುತ್ತಿದ್ದರು.

"ಎಷ್ಟರಲ್ಲಿ ಸೋತದ್ದು ಅವರು?"

"ಹದಿನೇಳು" ಎಂದೆ.

"ಇದರಲ್ಲಿ ಎಷ್ಟುಂಟು?"

ಮಾಸ್ತರರು ಹೇಳಿದರು. ಆಕೆ ಇನ್ನೊಂದು ಶೂ ಬಿಚ್ಚಿ ಗೋಡೆಗೆ ಒತ್ತಿಟ್ಟರು. "ನಾನೇ ಹಾಕಬೇಕಿತ್ತು ಮಾರಾಯ್ರೇ. ಆಸ್ಪತ್ರೆ ಕೆಳಗೇ ಪೆಟ್ಟಿಗೆ ಇತ್ತು" ಎಂದು ಒಳಗೆ ಹೋದರು.

ಹನ್ನೆರಡು ಮನೆ ಮುಗಿದ ಮೇಲೆ ಕಾರಿನಲ್ಲಿ ಕೂತ ಮಾಸ್ತರರು ಬೆಲ್ಟು ಹಾಕಿಕೊಳ್ಳಲಿಲ್ಲ. ಚೀಲದಲ್ಲಿ ಒಂದೇ ಲಕೋಟೆ ಉಳಿದಿತ್ತು.

"ಇದು ಅವರ ಅತ್ತೀದು."

"ಯಾರ ಅತ್ತೆ?"

"ಎಲೆಕ್ಷನ್ನಿಗೆ ನಿಂತಾಕಿ ಅತ್ತೀದು. ಗಂಡ ಹೆಂಡತಿ ತಮ್ಮವು ತಾವ ಹಾಕ್ಯಾರ. ಮುದುಕಿ ಸವಣೂರಾಕಿ, ನಮ್ಮ ಕಡಿಯಾಕಿ. ವಿಶ್ವಾಸದಿಂದ ನನ್ನ ಕೈಯಾಗ ಕೊಟ್ಲು. ಸೊಸಿಗೂ ಹೇಳಿಲ್ಲ."

ನಾನು ಗಾಡಿ ತಿರುಗಿಸಿದೆ. ಅವರು ಬೇಡವೆನ್ನಲಿಲ್ಲ.

ಗ್ಯಾರೇಜಿನ ಬಾಗಿಲಿಗೆ ಆಕೆಯ ಮುಖವಿದ್ದ ಪ್ರಚಾರದ ಬೋರ್ಡುಗಳನ್ನು ಹಿಮ್ಮುಖವಾಗಿ ತಿರುಗಿಸಿ ಒರಗಿಸಿದ್ದರು. ಆಕೆಯೇ ಬಾಗಿಲು ತೆಗೆದರು. "ಬರ್ರಿ ಅಂಕಲ್. ನೀವೂ ಬಂದ್ರಾ ಸರ್? ಸೋತೋರ ಇಂಟರ್‌ವ್ಯೂನಾ?"

ಮಾಸ್ತರರು ಕೂರಲಿಲ್ಲ. ಹಾಲಿನ ನಡುವೆ ನಿಂತು ವರದಿ ಒಪ್ಪಿಸುವವರಂತೆ ಹೇಳಿದರು. ಹದಿಮೂರು ಮನೆ, ಮೂವತ್ತೊಂದು ಲಕೋಟೆ, ಗ್ರಂಥಾಲಯಕ್ಕೆ ಬಂದ ವೇಳೆ, ರಸೀದಿ ಕೇಳಿದ್ದು, ಹನ್ನೆರಡಾದದ್ದು. "ತಪ್ಪು ನಂದು. ಮತ್ಯಾರದೂ ಅಲ್ಲ" ಎಂದು ಮುಗಿಸಿದರು.

"ಮೂವತ್ತೊಂದಾ?" ಎಂದರು ಆಕೆ. ಎಂಜಿನಿಯರಿಗೆ ಕಳೆಯುವ ಲೆಕ್ಕ ಹೇಳಿಕೊಡಬೇಕಿಲ್ಲ. ಮಾಸ್ತರರಿಗೆ ಏನೂ ಅನ್ನದೆ ನನ್ನ ಕಡೆ ತಿರುಗಿದರು.

"ನೀವು ಅಲ್ಲಿದ್ರಾ ಸರ್?"

"ಇದ್ದೆ."

"ಪೂರ್ತಿ ಹೊತ್ತು?"

"ಪೂರ್ತಿ."

"ನನಗೊಂದು ಫೋನ್ ಮಾಡೋಕೆ ಆಗಲಿಲ್ವಾ? ನಾನು ಅಂಕಲ್‌ಗೆ ಹೇಳ್ತಿದ್ದೆ. ನನ್ನ ಮಾತು ಕೇಳ್ತಿದ್ರು. ಎರಡು ನಿಮಿಷದ ಕೆಲಸ."

"ಅಭ್ಯರ್ಥಿಗೆ ಫೋನ್ ಮಾಡೋದು..." ಎಂದು ಶುರು ಮಾಡಿದೆ.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ಮಾಸ್ತರರನ್ನು ಕಂಡು ಸೆರಗು ತಲೆಗೆಳೆದುಕೊಂಡು, "ಕೂಡ್ರಿ ಮಾಸ್ತರ, ನಿಂತೀರಲ್ಲ" ಎಂದರು. ಅವರು ಲಕೋಟೆ ಚಾಚಿದರು. ಮುದುಕಿ ತಿರುಗಿಸಿ ನೋಡಿ, ನನ್ನದಲ್ಲೇನು ಇದು, ಎಂದು ಅಂಚನ್ನು ಹರಿದರು. ಒಳಗಿನ ಹಾಳೆಯನ್ನು ಸೊಸೆ ಅವರ ಕೈಯಿಂದ ತೆಗೆದುಕೊಂಡರು.

"ಇದೇನ್ ಅತ್ತೆ, ಎರಡು ಗುರುತು?"

"ನಿನಗೊಂದು ಹಾಕೀನಲ್ಲ?"

"ಇನ್ನೊಂದು?"

"ಆ ಗಾಡಿಯಾವ್ಗ. ಅವನೂ ಪಾಪ, ಮನಿತನಕ ಬಂದು ಚಹಾ ಕುಡದು ಕೂತಿದ್ನಲ್ಲವಾ. ಕೇಳಾಕ ಬಂದೋನ್ನ ಬರಿಗೈಲೆ ಹೆಂಗ ಕಳಸೂದು?"

ಮಾಸ್ತರರಿಗೆ ಹಳೆಯ ರೂಢಿ ಬಿಡಲಿಲ್ಲ. "ಎರಡು ಕಡೆ ಗುರುತು ಇದ್ರ ಅಸಿಂಧು ಆಕ್ಕೈತಿ."

"ಹಂಗಂದ್ರ?"

"ಎಣಸೂದಿಲ್ಲ."

"ಎಣಸೂದಿಲ್ಲಂದ್ರ ಮತ್ತ ಅದನ್ನ ಯಾಕ ಅಷ್ಟು ಕಾಯ್ಕೋತ ಕುಂತಿದ್ರಿ?"

ಸೊಸೆ ಮೊದಲು ನಕ್ಕರು. ನಗುತ್ತಲೇ ಹಾಳೆಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತು ನಲ್ಲಿಯ ಸದ್ದು ಕೇಳಿತು. ಚಹಾ ಬಂತು, ಅದನ್ನು ತಂದವರು ಅತ್ತೆ. ನಾವು ಹೊರಡುವವರೆಗೂ ಸೊಸೆ ಹೊರಗೆ ಬರಲಿಲ್ಲ. ಉಳಿದ ಮೂವತ್ತು ಲಕೋಟೆಗಳಲ್ಲಿ ಏನಿತ್ತೆಂದು ನನಗೆ ಗೊತ್ತಿಲ್ಲ. ಮನೆ ಮನೆಗೆ ಹೋಗಿ ಕೇಳಿದರೆ ಒಳ್ಳೆಯ ವರದಿಯಾಗುತ್ತಿತ್ತು. ಕೇಳಲಿಲ್ಲ.

ಸೋಮವಾರ ಸಂಪಾದಕಿಗೆ ಹೇಳಿ ಆ ವಾಕ್ಯವನ್ನು ತಿದ್ದಿಸಿದೆ. ಲಕೋಟೆಗಳು ಹನ್ನೆರಡಕ್ಕೆ ಮೊದಲೇ ಸ್ಥಳಕ್ಕೆ ಬಂದಿದ್ದವು, ಪೆಟ್ಟಿಗೆಗೆ ಬೀಳಲಿಲ್ಲ, ಈ ವರದಿಗಾರ ಅಲ್ಲಿದ್ದ ಎಂದು. ಕೊನೆಯ ಮಾತು ಬೇಕೇ ಎಂದು ಅವರು ಕೇಳಿದರು. ಬೇಕು ಎಂದೆ. ತಿದ್ದುಪಡಿಯನ್ನು ಓದಿದವರು ಯಾರೂ ನನಗೆ ಸಿಕ್ಕಿಲ್ಲ.

ಮರುತಿಂಗಳ ಸಭೆಯಲ್ಲಿ ಯೂಟಿನವರು ಪ್ರಮಾಣ ಸ್ವೀಕರಿಸಿದರು. ಅದೇ ಸಭೆಯಲ್ಲಿ ದಾಟುವ ಪಟ್ಟೆಯ ವಿಷಯ ಮತ್ತೆ ಬಂತು. ಸಾರ್ವಜನಿಕರಿಗೆ ಕೊಡುವ ಐದು ನಿಮಿಷ ತೆಗೆದುಕೊಂಡು ಆಕೆ ಮಾತಾಡಿದರು. ಅತ್ತೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮಾಸ್ತರರು ಬಂದಿರಲಿಲ್ಲ. ಆ ಶನಿವಾರದ ನಂತರ ಅವರು ಹೊರಗೆ ಬರುವುದನ್ನೇ ಕಡಿಮೆ ಮಾಡಿದ್ದರು. ಮತಕ್ಕೆ ಹಾಕಿದಾಗ ಪರ ನಾಲ್ಕು, ವಿರೋಧ ಐದು. ಯೂಟಿನವರು ಕೈಯೆತ್ತುವ ಮೊದಲು, ಕಷ್ಟದ ನಿರ್ಧಾರ ಎಂದರು.

ವಿರಾಮದಲ್ಲಿ ಬಿಸ್ಕತ್ತಿನ ತಟ್ಟೆಯ ಹತ್ತಿರ ಅವರು ಮುದುಕಿಯ ಗುರುತು ಹಿಡಿದು, ತುಂಬ ಸಂತೋಷದಿಂದ ಕೈ ಕುಲುಕಿದರು. ಅಂದಿನ ಚಹಾ ಇನ್ನೂ ನೆನಪಿದೆ ಎಂದರು.

ಮುದುಕಿ ಅವರ ಕೈ ಬಿಡದೆ ಹೇಳಿದರು: "ಚಹಾ ಕುಡದು ಹೋಗಿ ಹಿಂಗ ಮಾಡಿದ್ಯಲ್ಲಪಾ. ಒಮ್ಮೆ ಬಂದು ನನ್ನ ಜೋಡಿ ಆ ರಸ್ತೆ ದಾಟಿ ನೋಡು, ಆಮ್ಯಾಲೆ ಕೈ ಎತ್ತು."

ಅವರು ಆಶೀರ್ವಾದವೆಂದುಕೊಂಡು ತಲೆದೂಗಿದರು. ಏನಂದರು ಎಂದು ಸೊಸೆಯನ್ನು ಕೇಳಿದರು. ಸೊಸೆ ಕೈಚೀಲ ಹೆಗಲಿಗೇರಿಸಿ ಬೇರೆ ಕಡೆ ನೋಡಿದರು. ಅವರು ನನ್ನ ಕಡೆ ತಿರುಗಿದರು.

ನಾನು ಪದಕ್ಕೆ ಪದ ಹೇಳಿದೆ.

ಅವರ ಕಿವಿ ಕೆಂಪಾಯಿತು. ನೀವು ಇಲ್ಲಿ ಪತ್ರಿಕೆಯವರಾಗಿ ಇದ್ದೀರಾ, ಇವರ ಪರವಾಗಿ ಇದ್ದೀರಾ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನೀವು ಕೇಳಿದ್ದಕ್ಕೆ ಹೇಳಿದೆ ಎಂದೆ. ಅವರು ಮುದುಕಿಯ ಕಡೆ ನೋಡಿ, ಖಂಡಿತ ಬರುತ್ತೇನೆ, ದಿನ ತಿಳಿಸಿ ಎಂದರು. ಮುದುಕಿ ಬುಧವಾರ ಎಂದರು. ಅದನ್ನೂ ನಾನೇ ಹೇಳಿದೆ. ಅವರು ಫೋನ್ ತೆಗೆದು ಬರೆದುಕೊಂಡರು.

ಬುಧವಾರ ನಾನು ಹೋಗಲಿಲ್ಲ. ಕೆಲಸವಿತ್ತು. ಯೂಟಿನವರು ಬಂದಿದ್ದರೆಂದು ಆಮೇಲೆ ಸೊಸೆ ಮೆಸೇಜ್ ಮಾಡಿದರು. ದಾಟಲು ಹನ್ನೊಂದು ನಿಮಿಷ ಆಯಿತಂತೆ. ಮತ್ತೇನೂ ಬರೆದಿರಲಿಲ್ಲ. ಮುಂದಿನ ಸಭೆಯ ಕಾರ್ಯಸೂಚಿ ಮೊನ್ನೆ ಬಂತು. ಎರಡು ಸಲ ಓದಿದೆ. ಅದರಲ್ಲಿ ಆ ರಸ್ತೆಯ ವಿಷಯ ಇಲ್ಲ.